ಸರ್ವರ್ ಬಾಡಿಗೆಯದಾದರೂ ಕೀಲಿಕೈ ನಮ್ಮದಾಗಿರಲಿ

2025ರ ಜೂನ್ 6ರಂದು ಕೇಂದ್ರ ಸರಕಾರವು ಉಮೀದ್ ಪೋರ್ಟಲನ್ನು ತೆರೆದು, ದೇಶದ ಸಮಸ್ತ ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳೊಳಗೆ ಅದರಲ್ಲಿ ದಾಖಲಿಸಬೇಕೆಂದು ವಿಧಿಸಿತು. ಗಡುವು ಸಮೀಪಿಸಿದಂತೆ ಪೋರ್ಟಲ್ ನಿಧಾನವಾಗಿದೆ, ದಾಖಲೆಗಳು ಸೇರ್ಪಡೆಯಾಗುತ್ತಿಲ್ಲ ಎಂಬ ದೂರುಗಳು ದೇಶದ ನಾನಾ ಭಾಗಗಳಿಂದ ಕೇಳಿಬಂದವು. ಡಿಸೆಂಬರ್ 1ರಂದು ಸುಪ್ರೀಂ ಕೋರ್ಟು ಗಡುವಿನ ವಿಸ್ತರಣೆಗೆ ನಿರಾಕರಿಸಿ, ವಕ್ಫ್ ನ್ಯಾಯಮಂಡಳಿಗಳ ಮೊರೆ ಹೋಗುವಂತೆ ಸೂಚಿಸಿತು. ಡಿಸೆಂಬರ್ 6ಕ್ಕೆ ಗಡುವು ಮುಗಿಯಿತು. ಆ ಕಾನೂನಿನ ನ್ಯಾಯಾನ್ಯಾಯಗಳ ಚರ್ಚೆ ಬೇರೆ. ಆದರೆ ಆ ಆರು ತಿಂಗಳುಗಳು ನಮ್ಮ ಮುಂದೆ ಒಂದು ಸತ್ಯವನ್ನು ಇಟ್ಟು ಹೋದವು. ಶತಮಾನಗಳಿಂದ ಕಾಪಾಡಿಕೊಂಡು ಬಂದ ಮಸೀದಿ, ಕಬರಸ್ಥಾನಗಳ ಹಣೆಬರಹ ಎಲ್ಲಿಯೋ ಇರುವ ಒಂದು ಸರ್ವರಿನ ಮೇಲೂ, ಅದರ ಮುಂದೆ ಕುಳಿತು ಕೆಲಸ ಮಾಡಬಲ್ಲ ಕೆಲವೇ ಕೈಗಳ ಮೇಲೂ ನಿಂತಿತ್ತು.

ಆ ಕೈಗಳು ಯಾರವು? ಹೆಚ್ಚಿನ ಕಡೆ ಅವು ಮುತವಲ್ಲಿಗಳವಲ್ಲ, ಆಡಳಿತ ಸಮಿತಿಯ ಹಿರಿಯರವೂ ಅಲ್ಲ. ಬಿಸಿಎ ಅಥವಾ ಡಿಪ್ಲೊಮಾ ಓದುತ್ತಿರುವ, ಮೊಹಲ್ಲಾದಲ್ಲಿ ‘ಕಂಪ್ಯೂಟರ್ ಬಲ್ಲ ಹುಡುಗ’ ಎಂದು ಕರೆಸಿಕೊಳ್ಳುವ ಯುವಕರವು. ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳವು. ಅಗತ್ಯ ಬಿದ್ದಾಗ ಅವರನ್ನು ಕರೆಯುವ ನಾವು, ಅವರು ಅದನ್ನು ಎಲ್ಲಿ ಕಲಿತರು, ಮುಂದೆ ಎಲ್ಲಿ ಕಲಿಯಬೇಕು ಎಂದು ಎಂದಾದರೂ ಕೇಳಿದ್ದೇವೆಯೇ? ಈಜು ಕಲಿಯಲು ನೀರು ಬೇಕು. ಜಾಲತಾಣಗಳನ್ನು ಕಟ್ಟಲು, ಕೆಡಿಸಿ ಮತ್ತೆ ಕಟ್ಟಲು ಒಂದಿಷ್ಟು ನೆಲ ಬೇಕು. ಆ ನೆಲಕ್ಕೆ ಇಂದಿನ ಭಾಷೆಯಲ್ಲಿ ಹೋಸ್ಟಿಂಗ್ ಎನ್ನುತ್ತಾರೆ. ಅದನ್ನು ಆರಿಸುವುದು ಕೇವಲ ತಂತ್ರಜ್ಞರ ವಿಷಯವೆಂದು ತಿಳಿದು ಮನೆಯ ಹಿರಿಯರೂ ಜಮಾಅತಿನ ಹೊಣೆಗಾರರೂ ದೂರ ನಿಲ್ಲುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಹುಬ್ಬಳ್ಳಿ-ಧಾರವಾಡ ಅವಳಿ ನಗರವು ಕಲಿಕೆಯ ಅವಕಾಶಗಳಲ್ಲಿ ಬಡವಾದುದೇನಲ್ಲ. ಬಿವಿಬಿ ಕಾಲೇಜು 2015ರಲ್ಲಿ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಅದೇ ವರ್ಷ ಧಾರವಾಡಕ್ಕೆ ಐಐಐಟಿ, ಮರುವರ್ಷ ಐಐಟಿ ಬಂದವು. ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕಿನ ಕೇಂದ್ರವಿದೆ. ದೇಶಪಾಂಡೆ ಫೌಂಡೇಶನ್ ಹೊಸ ಉದ್ಯಮಿಗಳಿಗಾಗಿ ನಡೆಸುವ ‘ಸ್ಯಾಂಡ್‌ಬಾಕ್ಸ್’ ಇದೆ. ಮಕ್ಕಳು ಮರಳಿನಲ್ಲಿ ಮನೆ ಕಟ್ಟಿ ಆಡುವ ಜಾಗಕ್ಕೆ ಇಂಗ್ಲಿಷಿನಲ್ಲಿರುವ ಹೆಸರೇ ಅದು. ಬಿದ್ದರೂ ಪೆಟ್ಟಾಗದ, ಕೆಟ್ಟರೂ ನಷ್ಟವಾಗದ ಜಾಗ. ಆದರೆ ನಗರದ ದಕ್ಷಿಣದ ಅಂಚಿನಲ್ಲಿ, ಹೆದ್ದಾರಿಗೆ ತಾಗಿಕೊಂಡಿರುವ ಗಬ್ಬೂರದಂತಹ ಬಡಾವಣೆಗಳ ಸಾಮಾನ್ಯ ಕುಟುಂಬಗಳಿಂದ ಆ ಕಟ್ಟಡಗಳ ಬಾಗಿಲವರೆಗಿನ ದಾರಿ ಕಿಲೋಮೀಟರಿನ ಲೆಕ್ಕಕ್ಕಿಂತ ದೂರವಾದುದು. ಕಾಲೇಜಿನ ಪ್ರಯೋಗಾಲಯವು ಸಂಜೆಗೆ ಮುಚ್ಚುತ್ತದೆ. ಪರೀಕ್ಷೆಗೆಂದು ಬರೆದ ಪ್ರೋಗ್ರಾಮು ಪರೀಕ್ಷೆಯೊಂದಿಗೇ ಸಾಯುತ್ತದೆ. ಅದನ್ನು ಲೋಕದ ಮುಂದಿಡುವ ಕೊನೆಯ ಮೆಟ್ಟಿಲಿನಲ್ಲಿಯೇ ನಮ್ಮ ಮಕ್ಕಳು ನಿಂತುಬಿಡುತ್ತಾರೆ.

ಮೊದಲು ವಿಷಯವನ್ನು ಸರಳವಾಗಿ ತಿಳಿದುಕೊಳ್ಳೋಣ. ಒಂದು ಜಾಲತಾಣದಲ್ಲಿ ಮೂರು ವಸ್ತುಗಳಿವೆ. ಒಂದು, ಅದರ ಹೆಸರು. ಡೊಮೇನ್ ಎನ್ನುವುದು ಅದನ್ನೇ. ಎರಡು, ಅದು ನೆಲೆಸಿರುವ ಜಾಗ. ಹಗಲಿರುಳು ಚಾಲನೆಯಲ್ಲಿದ್ದು ಕೇಳಿದವರಿಗೆ ಪುಟವನ್ನು ಕಳುಹಿಸುವ ದೂರದ ಕಂಪ್ಯೂಟರು. ಮೂರು, ಅದರೊಳಗಿನ ಬರಹ, ಚಿತ್ರ, ದತ್ತಾಂಶ ಹಾಗೂ ಪ್ರೋಗ್ರಾಮು. ಅಂಗಡಿಗೆ ಹೋಲಿಸಿದರೆ ಹೆಸರು ಬೋರ್ಡು, ಸರ್ವರು ಬಾಡಿಗೆಯ ಮಳಿಗೆ, ಒಳಗಿನದು ನಮ್ಮ ಸರಕು. ಮಳಿಗೆ ಬದಲಾದರೂ ಬೋರ್ಡು ಮತ್ತು ಸರಕನ್ನು ಎತ್ತಿಕೊಂಡು ಹೋಗಬಹುದಾದ ವ್ಯಾಪಾರಿ ಸ್ವತಂತ್ರ. ಮೂರನ್ನೂ ಮಳಿಗೆಯ ಮಾಲಕನ ಕೈಗೊಪ್ಪಿಸಿದವನು ಅವನ ಮರ್ಜಿಯಲ್ಲಿರಬೇಕಾಗುತ್ತದೆ. ಹೋಸ್ಟಿಂಗಿನ ಆಯ್ಕೆಯಲ್ಲಿ ಉಳಿದೆಲ್ಲ ಲೆಕ್ಕಾಚಾರಗಳು ಈ ಒಂದು ಮಾತಿನ ನಂತರದವು.

ಪ್ರಯೋಗದ ಮೊದಲ ನೆಲ ಮನೆಯಲ್ಲಿಯೇ ಇದೆ. ಹಳೆಯ ಲ್ಯಾಪ್‌ಟಾಪೊಂದಕ್ಕೆ ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕಿದರೆ, ದೊಡ್ಡ ಕಂಪೆನಿಗಳ ಸರ್ವರುಗಳಲ್ಲಿರುವ ಸಾಧನಗಳೆಲ್ಲವೂ ಅದರಲ್ಲಿ ನಡೆಯುತ್ತವೆ. ವರ್ಡ್‌ಪ್ರೆಸ್ ಇರಲಿ, ಪೈಥಾನ್ ಇರಲಿ, ದತ್ತಸಂಚಯವಿರಲಿ, ಎಲ್ಲವನ್ನೂ ಹಣವಿಲ್ಲದೆ ಕಟ್ಟಿ ಕೆಡಿಸಬಹುದು. ಹೊರಗಿನವರು ಅದನ್ನು ನೋಡಲಾರರು ಎಂಬುದು ಕೊರತೆಯಲ್ಲ, ಕಲಿಯುವ ಹಂತದಲ್ಲಿ ಅದು ಅನುಗ್ರಹ. ಪಾಲಕರು ಮಕ್ಕಳಿಗೆ ಎರಡನೆಯ ಸ್ಮಾರ್ಟ್‌ಫೋನು ಕೊಡಿಸುವ ಹಣದಲ್ಲಿ ಬಳಸಿದ ಕಂಪ್ಯೂಟರೊಂದನ್ನು ತಂದುಕೊಡುವುದು ಲೇಸು. ಫೋನು ನೋಡುವವರನ್ನು ಸೃಷ್ಟಿಸುತ್ತದೆ, ಕಂಪ್ಯೂಟರು ಮಾಡುವವರನ್ನು ಬೆಳೆಸುತ್ತದೆ.

ಎರಡನೆಯದು ಉಚಿತ ತಾಣ. ನಮಾಝಿನ ವೇಳಾಪಟ್ಟಿ, ವಿದ್ಯಾರ್ಥಿವೇತನದ ಮಾಹಿತಿ, ಮದ್ರಸದ ಪಠ್ಯಕ್ರಮ ಮುಂತಾದವು ಬರಿಯ ಓದಿಗೆ ಇರುವ ಸ್ಥಿರ ಪುಟಗಳು. ಇವುಗಳಿಗೆ ಹಣ ತೆರುವುದು ದುಂದುವೆಚ್ಚ. ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್ ಮೊದಲಾದವು ಇಂತಹ ಪುಟಗಳನ್ನು ಉಚಿತವಾಗಿ ಇರಿಸಿಕೊಳ್ಳುತ್ತವೆ. ಗಿಟ್‌ಹಬ್ ಪೇಜಸ್‌ನಲ್ಲಿ ಒಂದು ತಾಣ 1 ಜಿಬಿಯನ್ನು ಮೀರುವಂತಿಲ್ಲ. ಮೊಹಲ್ಲಾವೊಂದರ ಅಗತ್ಯಕ್ಕೆ ಅದು ಬೇಕಾದಷ್ಟಾಯಿತು. ಸಂಪರ್ಕವನ್ನು ಭದ್ರಗೊಳಿಸುವ ಪ್ರಮಾಣಪತ್ರಕ್ಕೆ ಹಿಂದೆ ಪ್ರತಿ ವರ್ಷ ಹಣ ಕೊಡಬೇಕಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವಾಸಂಸ್ಥೆ 2015ರ ಕೊನೆಯಿಂದ ಅದನ್ನೂ ಉಚಿತಗೊಳಿಸಿದೆ. ಇಂದಿಗೂ ಅದರ ಹೆಸರಿನಲ್ಲಿ ಸಾವಿರಾರು ರೂಪಾಯಿ ಕೇಳುವವರಿದ್ದರೆ ಜಮಾಅತಿನ ಖಜಾಂಚಿಗಳು ಎಚ್ಚರಿಕೆಯಿಂದಿರಬೇಕು.

ಮೂರನೆಯದು ಹಂಚಿಕೆಯ ಹೋಸ್ಟಿಂಗ್. ಒಂದೇ ಸರ್ವರಿನಲ್ಲಿ ನೂರಾರು ಗಿರಾಕಿಗಳಿಗೆ ಪಾಲು ಮಾಡಿಕೊಡುವ ಪದ್ಧತಿ. ಗ್ರಂಥಾಲಯದ ಪುಸ್ತಕಪಟ್ಟಿ, ಪತ್ರಿಕೆಯ ಹಳೆಯ ಸಂಚಿಕೆಗಳು, ವರ್ಡ್‌ಪ್ರೆಸ್ ತಾಣಗಳು ಇವಕ್ಕೆ ಇದು ಸಾಕು. ಭಾರತೀಯ ಕಂಪೆನಿಗಳು ಯುಪಿಐ ಮೂಲಕವೇ ಹಣ ಪಡೆಯುತ್ತವೆ. ಆದರೆ ಇಲ್ಲಿ ಮನೆಯ ಬೀಗ ಒಡೆಯನ ಕೈಯಲ್ಲಿರುತ್ತದೆ. ಅವನು ಅನುಮತಿಸಿದ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳು ಮಾತ್ರ ನಡೆಯುತ್ತವೆ. ಇಂದು ಪಿಎಚ್‌ಪಿ, ನಾಳೆ ಪೈಥಾನ್, ನಾಡಿದ್ದು ಇನ್ನೊಂದು ಎಂದು ವಿವಿಧ ಪ್ರಯೋಗಗಳನ್ನು ಮಾಡಬಯಸುವವರಿಗೆ ಇದು ಬೇಗನೆ ಇಕ್ಕಟ್ಟಾಗುತ್ತದೆ. ಮೊದಲ ವರ್ಷದ ಅಗ್ಗದ ದರವನ್ನು ನೋಡಿ ಮರುಳಾಗದೆ, ಎರಡನೆಯ ವರ್ಷದ ನವೀಕರಣದ ದರವನ್ನು ಕೇಳಿ ತಿಳಿದುಕೊಳ್ಳುವುದು ಜಾಣತನ.

ನಾಲ್ಕನೆಯದು ವಿಪಿಎಸ್. ದೊಡ್ಡ ಸರ್ವರೊಂದರ ಗೋಡೆ ಕಟ್ಟಿ ಬೇರ್ಪಡಿಸಿದ ಭಾಗವನ್ನು ಪೂರ್ಣ ಅಧಿಕಾರದೊಂದಿಗೆ ಬಾಡಿಗೆಗೆ ಪಡೆಯುವುದು. ಡಿಜಿಟಲ್‌ಓಷನ್ ಕಂಪೆನಿ 2016ರಿಂದ ಬೆಂಗಳೂರಿನಲ್ಲಿಯೇ ಇಂತಹ ಸರ್ವರುಗಳನ್ನು ಇರಿಸಿದೆ. ಅತಿ ಚಿಕ್ಕವುಗಳ ಬಾಡಿಗೆ ತಿಂಗಳಿಗೆ ನಾಲ್ಕರಿಂದ ಆರು ಡಾಲರ್, ತೆರಿಗೆ ಪ್ರತ್ಯೇಕ. ಒಂದೇ ಬಾಡಿಗೆಯಲ್ಲಿ ಐದಾರು ಚಿಕ್ಕ ತಾಣಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ನಡೆಸಬಹುದು, ಕೆಟ್ಟರೆ ಅಳಿಸಿ ಹೊಸದಾಗಿ ಆರಂಭಿಸಬಹುದು. ನಾನಾ ಬಗೆಯ ಪ್ರಯೋಗಗಳಿಗೆ ಇದಕ್ಕಿಂತ ಯೋಗ್ಯವಾದ ಪಾಠಶಾಲೆ ಇಲ್ಲವೆಂದೇ ನಾವು ಭಾವಿಸುತ್ತೇವೆ. ಆದರೆ ಸ್ವಾತಂತ್ರ್ಯದ ಜೊತೆಗೆ ಹೊಣೆಯೂ ಬರುತ್ತದೆ. ಬಾಗಿಲು ಭದ್ರಪಡಿಸುವುದು, ಕಾಲಕಾಲಕ್ಕೆ ಸಾಫ್ಟ್‌ವೇರ್ ನವೀಕರಿಸುವುದು, ಪಾಸ್‌ವರ್ಡಿನ ಬದಲು ಭದ್ರ ಕೀಲಿಗಳನ್ನು ಬಳಸುವುದು ಎಲ್ಲವೂ ಬಾಡಿಗೆದಾರನ ಕೆಲಸ. ಸರ್ವರು ಅಂತರ್ಜಾಲಕ್ಕೆ ತೆರೆದುಕೊಂಡ ಕೆಲವೇ ಹೊತ್ತಿನಲ್ಲಿ ಅಪರಿಚಿತರು ಅದರ ಬಾಗಿಲು ತಟ್ಟತೊಡಗುತ್ತಾರೆ. ಇದನ್ನು ಪ್ರತಿಯೊಬ್ಬ ಕಲಿಕಾರ್ಥಿಯೂ ಮೊದಲ ದಿನವೇ ದಾಖಲೆಪುಸ್ತಕದಲ್ಲಿ ಕಾಣಬಹುದು.

ಇನ್ನು ಅಮೆಝಾನಿನಂತಹ ಮಹಾ ಕಂಪೆನಿಗಳ ಕ್ಲೌಡ್. ಮುಂಬಯಿಯಲ್ಲಿ 2016ರಲ್ಲಿ ಆರಂಭವಾದ ಅದರ ಕೇಂದ್ರಗಳು ದೊಡ್ಡ ಉದ್ಯಮಗಳನ್ನು ಹೊತ್ತಿವೆ. ಉದ್ಯೋಗ ಬಯಸುವವರು ಅದನ್ನು ಅರಿತಿರಬೇಕೆಂಬುದು ನಿಜ. ಆದರೆ ಬಳಸಿದಷ್ಟು ಬಿಲ್ಲು ಎಂಬ ಅದರ ಪದ್ಧತಿಯಲ್ಲಿ, ಆರಿಸಲು ಮರೆತ ಒಂದು ಯಂತ್ರವು ತಿಂಗಳ ಕೊನೆಗೆ ಬಡ ವಿದ್ಯಾರ್ಥಿಯ ಮೇಲೆ ಸಾಲವಾಗಿ ಬೀಳಬಹುದು. ಬಡ್ಡಿಯ ಭಯದಿಂದ ಕ್ರೆಡಿಟ್ ಕಾರ್ಡನ್ನೇ ಇಟ್ಟುಕೊಳ್ಳದ ಕುಟುಂಬಗಳು ನಮ್ಮಲ್ಲಿ ಬಹಳಷ್ಟಿವೆ. ಅದು ಹಿಂದುಳಿದ ಮನೋಭಾವವಲ್ಲ, ದೀನೀ ಎಚ್ಚರ. ಅಂತಹವರು ಮೊದಲೇ ಹಣ ತುಂಬಿ, ಮುಗಿದಾಗ ನಿಲ್ಲುವ ಅಥವಾ ತಿಂಗಳಿಗಿಷ್ಟು ಎಂದು ನಿಗದಿಯಾದ ಸೇವೆಯನ್ನೇ ಆರಿಸಿಕೊಳ್ಳಬೇಕು. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಗ್ರಾಹಕನ ಮುಂಚಿತ ಒಪ್ಪಿಗೆ ನೋಂದಣಿಯಾಗಿರಬೇಕು. ಆದ್ದರಿಂದ ‘ತಾನಾಗಿ ನವೀಕರಣವಾಗುತ್ತದೆ’ ಎಂದು ನಂಬಿ ಕೂರದೆ ತಾರೀಖನ್ನು ಬರೆದಿಟ್ಟುಕೊಳ್ಳಬೇಕು.

ಉಚಿತವಾದುದು ಸಿಗುವಾಗ ಇಷ್ಟೆಲ್ಲ ಯೋಚನೆ ಏಕೆ ಎಂದು ಕೇಳುವವರಿದ್ದಾರೆ. ಇತಿಹಾಸವು ಅವರಿಗೆ ಉತ್ತರಿಸುತ್ತದೆ. ಲಕ್ಷಾಂತರ ಜನರು ತಮ್ಮ ಮೊದಲ ಪುಟಗಳನ್ನು ಕಟ್ಟಿದ ಜಿಯೊಸಿಟೀಸನ್ನು ಯಾಹೂ ಕಂಪೆನಿ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ವಿದ್ಯಾರ್ಥಿಗಳ ಅಚ್ಚುಮೆಚ್ಚಿನದಾಗಿದ್ದ ಹೆರೋಕುವಿನ ಉಚಿತ ಯೋಜನೆ 2022ರ ನವೆಂಬರ್ 28ಕ್ಕೆ ಕೊನೆಗೊಂಡಿತು. ಪ್ರಯೋಗಪ್ರಿಯರ ಆಟದಂಗಳವಾಗಿದ್ದ ಗ್ಲಿಚ್ 2025ರ ಜುಲೈ 8ರಂದು ತಾಣಗಳನ್ನು ಇರಿಸಿಕೊಳ್ಳುವುದನ್ನು ನಿಲ್ಲಿಸಿತು. ಪುಟ್ಟ ದೇಶಗಳ ಡೊಮೇನ್ ಹೆಸರುಗಳನ್ನು ಪುಕ್ಕಟೆಯಾಗಿ ಹಂಚುತ್ತಿದ್ದ ಫ್ರೀನಾಮ್ 2023ರಲ್ಲಿ ಹೊಸ ನೋಂದಣಿ ನಿಲ್ಲಿಸಿ, 2024ರಲ್ಲಿ ಆ ವ್ಯವಹಾರದಿಂದಲೇ ಹೊರಬಂತು. ಇವರಾರೂ ವಂಚಕರೆಂದು ನಾವು ಹೇಳುತ್ತಿಲ್ಲ. ಬಾಡಿಗೆ ಕೊಡದವನಿಗೆ ಕರಾರೂ ಇಲ್ಲ, ಅಷ್ಟೇ. ಉಚಿತವಾದುದನ್ನು ಬಳಸೋಣ, ಆದರೆ ಮುಸಾಫಿರನಂತೆ ಬಳಸೋಣ. ಗಂಟು ಕಟ್ಟಿಯೇ ಇರಲಿ.

ಹಣ ಕೊಟ್ಟ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದೂ ತಿಳಿಯಬೇಕಾಗಿಲ್ಲ. ಕರಾರಿನ ಬಿಗಿ ಏನೆಂಬುದನ್ನು ಗಬ್ಬೂರದವರಿಗೆ ಯಾರೂ ಕಲಿಸಬೇಕಾಗಿಲ್ಲ. ಗಬ್ಬೂರದಿಂದ ನರೇಂದ್ರದವರೆಗಿನ ಸುಮಾರು 30 ಕಿಲೋಮೀಟರಿನ ಬೈಪಾಸ್ ರಸ್ತೆಯನ್ನು ಖಾಸಗಿಯವರು ಕಟ್ಟಿ, ಸುಂಕ ವಸೂಲು ಮಾಡಿ, ಅವಧಿ ಮುಗಿದ ಮೇಲೆ ಒಪ್ಪಿಸುವ ಕರಾರಿನ ಮೇಲೆ ನಿರ್ಮಿಸಲಾಗಿತ್ತು. ಆಚೆಗೂ ಈಚೆಗೂ ಹೆದ್ದಾರಿ ನಾಲ್ಕು ಪಥವಾದರೂ ನಡುವಿನ ಈ ಭಾಗ ಎರಡೇ ಪಥವಾಗಿ ಉಳಿಯಿತು. ಅಗಲೀಕರಣದ ಮಾತು ಬಂದಾಗಲೆಲ್ಲ ಕರಾರು ಅಡ್ಡ ನಿಂತಿತು. 2021ರ ಜನವರಿ 15ರಂದು ಇಟಿಗಟ್ಟಿಯ ಬಳಿ ದಾವಣಗೆರೆಯ ಮಹಿಳೆಯರ ವಾಹನ ಅಪಘಾತಕ್ಕೀಡಾಗಿ ಹಲವರು ಪ್ರಾಣ ತೆತ್ತ ಮೇಲೆ ನಾಡೇ ಆ ರಸ್ತೆಯ ಬಗ್ಗೆ ಮಾತಾಡಿತು. ಆರು ಪಥದ ವಿಸ್ತರಣೆಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ರಸ್ತೆಗೂ ಸರ್ವರಿಗೂ ಹೋಲಿಕೆ ಇಷ್ಟೇ. ಸಹಿ ಹಾಕುವ ದಿನ ದರವನ್ನು ಎಲ್ಲರೂ ನೋಡುತ್ತಾರೆ, ಹೊರಬರುವ ದಾರಿಯನ್ನು ಯಾರೂ ಕೇಳುವುದಿಲ್ಲ. ಹೋಸ್ಟಿಂಗ್ ಕೊಳ್ಳುವಾಗ ಮೊದಲು ಕೇಳಬೇಕಾದುದು ಎರಡು ಪ್ರಶ್ನೆಗಳು. ನಮ್ಮ ಕಡತಗಳನ್ನೂ ದತ್ತಸಂಚಯವನ್ನೂ ಪೂರ್ಣವಾಗಿ ಇಳಿಸಿಕೊಳ್ಳಬಹುದೇ? ಅವನ್ನು ಬೇರೆ ಕಂಪೆನಿಯ ಸರ್ವರಿನಲ್ಲಿ ಹಾಗೆಯೇ ನಡೆಸಬಹುದೇ? ಎರಡಕ್ಕೂ ಹೌದೆಂಬ ಉತ್ತರ ಬರದಿದ್ದರೆ ಎಷ್ಟೇ ಅಗ್ಗವಾದರೂ ಅದು ದುಬಾರಿ.

ಕನ್ನಡದ ಅಂತರ್ಜಾಲ ಬೆಳೆದುದೂ ಇಂತಹ ಎಚ್ಚರವುಳ್ಳ ಪ್ರಯೋಗಗಳಿಂದಲೇ. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಜಾಲಪತ್ರಿಕೆಯನ್ನು ಆರಂಭಿಸಿದಾಗ ಕನ್ನಡದ ಅಕ್ಷರಗಳನ್ನು ತೆರೆಯ ಮೇಲೆ ಮೂಡಿಸುವುದೇ ಸಾಹಸವಾಗಿತ್ತು. 2005ರಲ್ಲಿ ಹರಿಪ್ರಸಾದ್ ನಾಡಿಗರು ದ್ರುಪಾಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ‘ಸಂಪದ’ವನ್ನು ಕಟ್ಟಿದರು. ಯಾರ ಬೀಗವೂ ಇಲ್ಲದ ತಂತ್ರಾಂಶವಾದುದರಿಂದ ಅದನ್ನು ಕನ್ನಡಕ್ಕೆ ಒಗ್ಗಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಮ್ಮ ಯುವಕರ ಮುಂದಿರುವ ಕೆಲಸ ಇನ್ನೂ ಒಂದು ಪಟ್ಟು ಕಠಿಣ. ಹುಬ್ಬಳ್ಳಿಯ ಮುಸ್ಲಿಮ್ ಮನೆಗಳು ಕನ್ನಡ ಮತ್ತು ಉರ್ದು ಎರಡರಲ್ಲಿಯೂ ಬದುಕುತ್ತವೆ. ಒಂದು ಎಡದಿಂದ ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ. ದತ್ತಸಂಚಯವು ಯೂನಿಕೋಡಿಗೆ ಅಣಿಯಾಗಿರದಿದ್ದರೆ ಬರೆದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಬಿಡುತ್ತದೆ. ಯಾವುದೇ ಹೋಸ್ಟಿಂಗನ್ನು ಒಪ್ಪುವ ಮುನ್ನ ಒಂದು ಸಾಲು ಕನ್ನಡ, ಒಂದು ಸಾಲು ಉರ್ದು ಬರೆದಿಟ್ಟು, ಉಳಿಸಿ, ಮತ್ತೆ ತೆರೆದು ನೋಡುವುದು ಮೊದಲ ಪರೀಕ್ಷೆಯಾಗಬೇಕು.

ಈಗ ನಾವು ಪಾಲಕರ ಗಮನವನ್ನು ಹೆಚ್ಚು ಗಂಭೀರವಾದ ವಿಷಯದತ್ತ ಸೆಳೆಯಬಯಸುತ್ತೇವೆ. 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’, 2022ರ ಹೊಸ ವರ್ಷದ ದಿನ ‘ಬುಲ್ಲಿ ಬಾಯಿ’ ಎಂಬ ಹೆಸರುಗಳಲ್ಲಿ ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ಕದ್ದು ‘ಹರಾಜಿ’ಗಿಟ್ಟ ನೀಚ ಕೃತ್ಯಗಳು ನಡೆದವು. ಎರಡನ್ನೂ ಇರಿಸಲಾಗಿದ್ದುದು ಗಿಟ್‌ಹಬ್‌ನಲ್ಲಿ. ವಿದ್ಯಾರ್ಥಿಗಳು ಉಚಿತವಾಗಿ ಪ್ರಯೋಗ ನಡೆಸುವ, ನಾವೇ ಮೇಲೆ ಶಿಫಾರಸು ಮಾಡಿದ ಅದೇ ನೆಲದಲ್ಲಿ. ಬುಲ್ಲಿ ಬಾಯಿ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರು. ಇದರಿಂದ ಕಲಿಯಬೇಕಾದುದು ಗಿಟ್‌ಹಬ್‌ನಿಂದ ಓಡಿಹೋಗಬೇಕೆಂಬುದಲ್ಲ. ನೆಲಕ್ಕೆ ಧರ್ಮವಿಲ್ಲ, ಉಳುವವನಿಗೆ ಇರಬೇಕು. ತಂತ್ರಜ್ಞಾನವನ್ನು ಅಖ್ಲಾಕಿನಿಂದ ಬೇರ್ಪಡಿಸಿ ಕಲಿಸಿದ ಸಮಾಜವು ಎಂತಹ ಯುವಕರನ್ನು ಪಡೆಯುತ್ತದೆಂಬುದಕ್ಕೆ ಆ ಘಟನೆಗಳು ಸಾಕ್ಷಿ. ಅದೇ ಪಾಪವನ್ನು ಬೇರೆ ರೂಪದಲ್ಲಿ ನಮ್ಮ ಅಜಾಗರೂಕತೆ ಮಾಡದಿರಲಿ.

ಅಜಾಗರೂಕತೆ ಎಂದೆವು. ವಿವಾಹ ಸಂಬಂಧಗಳ ಪಟ್ಟಿ, ವಧುವಿನ ಭಾವಚಿತ್ರ, ಝಕಾತ್ ಪಡೆದ ವಿಧವೆಯರ ಹೆಸರು, ಮದ್ರಸದ ಮಕ್ಕಳ ವಿಳಾಸ, ರಕ್ತದಾನಿಗಳ ಫೋನ್ ಸಂಖ್ಯೆ ಇವೆಲ್ಲವನ್ನೂ ‘ಸೇವೆ’ ಎಂಬ ಸದುದ್ದೇಶದಿಂದಲೇ ಪ್ರಯೋಗದ ತಾಣಕ್ಕೆ ಏರಿಸುವ ಅಪಾಯವಿದೆ. ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂಬ ಶಿಕ್ಷಣ ಪಡೆದ ಸಮುದಾಯವು ಬಡವರ ಪಟ್ಟಿಯನ್ನು ಲೋಕಕ್ಕೆ ತೆರೆದಿಡಬಹುದೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಹಂತಹಂತವಾಗಿ ಜಾರಿಗೊಳ್ಳಲಿವೆ. ಹದಿನೆಂಟು ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂಬುದು ಆ ಕಾಯ್ದೆಯ ವಿಧಿ. ಕಾನೂನು ಇಂದು ಹೇಳುತ್ತಿರುವುದನ್ನು ಅಮಾನತ್ ಎಂಬ ಒಂದು ಪದದಲ್ಲಿ ನಮ್ಮ ದೀನ್ ಮೊದಲೇ ಕಲಿಸಿದೆ. ಕಲಿಯುವವರಿಗೆ ನಿಯಮ ಸರಳವಾಗಿರಲಿ. ಪ್ರಯೋಗದ ನೆಲದಲ್ಲಿ ಕಲ್ಪಿತ ಹೆಸರುಗಳನ್ನೇ ಬಳಸಬೇಕು. ಜೀವಂತ ಮನುಷ್ಯರ ವಿವರ ಅಲ್ಲಿಗೆ ಬರಕೂಡದು.

ಯಾರು ಬರೆಯಬಹುದು, ಯಾರ ಹೆಸರಿನಲ್ಲಿ ಬರೆಯಬಹುದು ಎಂಬುದೂ ಅಷ್ಟೇ ಮುಖ್ಯ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ನಡೆದುದನ್ನು ಈ ನಗರ ಮರೆತಿಲ್ಲ. ವಾಟ್ಸ್ಆ್ಯಪ್ ಸ್ಟೇಟಸಿನ ಒಂದು ಚಿತ್ರದಿಂದ ಜನ ಕೆರಳಿದರು, ಕಲ್ಲುಗಳು ತೂರಿಬಂದವು, ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಪ್ರಕರಣವನ್ನು ಹಿಂಪಡೆಯುವ 2024ರ ಅಕ್ಟೋಬರಿನ ಸರಕಾರಿ ಆದೇಶವನ್ನು ಹೈಕೋರ್ಟು 2025ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಪ್ರಚೋದಿಸಿದ ಚಿತ್ರ ಕ್ಷಣದ್ದು, ಕುಟುಂಬಗಳ ಅಲೆದಾಟ ವರ್ಷಗಳದ್ದು. ಮಸೀದಿಯ ಅಥವಾ ಸಂಘದ ಹೆಸರಿನ ತಾಣದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯುವಂತೆ ಬಾಗಿಲು ತೆರೆದಿಟ್ಟರೆ, ನಮ್ಮವನಾಗಲಿ ಪರರವನಾಗಲಿ ಒಬ್ಬ ಅವಿವೇಕಿ ಸಾಕು. ಆದ್ದರಿಂದ ಪ್ರಯೋಗದ ತಾಣಕ್ಕೆ ಜಮಾಅತಿನ ಹೆಸರು ಬೇಡ. ಜಮಾಅತಿನ ತಾಣದಲ್ಲಿ ಹೊಣೆಗಾರರು ಓದಿ ಒಪ್ಪದ ಒಂದಕ್ಷರವೂ ಪ್ರಕಟವಾಗಬಾರದು. ಪ್ರಯೋಗದ ನೆಲವೂ ಸಂಸ್ಥೆಯ ಮನೆಯೂ ಬೇರೆ ಬೇರೆಯಾಗಿರಬೇಕು.

ಆ ಮನೆಯ ಬಗ್ಗೆ ಎರಡು ಮಾತು. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತವು ಸೂರಃ ಅಲ್‌ಬಕರದಲ್ಲಿದೆ. ಅದರ ವಿಷಯ ನಮಾಝ್ ಅಲ್ಲ, ಉಪವಾಸವಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದು, ಅದಕ್ಕೆ ಸಾಕ್ಷಿಗಳನ್ನು ನೇಮಿಸುವುದು. ಇಷ್ಟು ಸ್ಪಷ್ಟವಾದ ಮಾರ್ಗದರ್ಶನವನ್ನು ಪಡೆದ ಸಮುದಾಯದ ಸಂಸ್ಥೆಗಳಲ್ಲಿ ಡೊಮೇನ್ ಹೆಸರು ಯಾರ ಇ-ಮೇಲಿನಲ್ಲಿ ನೋಂದಣಿಯಾಗಿದೆ ಎಂಬುದಕ್ಕೆ ಒಂದು ಸಾಲಿನ ಠರಾವೂ ಇರುವುದಿಲ್ಲ. ಕಟ್ಟಿದ ಹುಡುಗ ಕೊಲ್ಲಿ ದೇಶಕ್ಕೆ ಹೋಗುತ್ತಾನೆ, ಪಾಸ್‌ವರ್ಡು ಅವನೊಂದಿಗೇ ಹೋಗುತ್ತದೆ. ನವೀಕರಣದ ಸೂಚನೆ ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಬರುತ್ತದೆ. ಅವಧಿ ತೀರಿದ ಹೆಸರನ್ನು ಯಾರು ಬೇಕಾದರೂ ಕೊಂಡು, ಮದ್ರಸದ ಹೆಸರಿನಲ್ಲಿ ಜೂಜಿನ ಪುಟವನ್ನು ತೆರೆಯಬಹುದು. ಡೊಮೇನನ್ನು ವಕ್ಫ್ ಆಸ್ತಿಯಂತೆ ಕಾಣಬೇಕು. ಅದು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇ-ಮೇಲಿನಲ್ಲಿ ಇರಲಿ. ಕೀಲಿಗಳು ಕನಿಷ್ಠ ಇಬ್ಬರ ಬಳಿ ಇರಲಿ. ಪಾವತಿಯ ರಸೀದಿ ಲೆಕ್ಕಪತ್ರದಲ್ಲಿ ಇರಲಿ.

ಪ್ರತಿಗಳ ವಿಷಯದಲ್ಲಿಯೂ ನಮ್ಮ ಇತಿಹಾಸವೇ ಗುರು. ಯಮಾಮ ಯುದ್ಧದಲ್ಲಿ ಹಲವು ಹಾಫಿಝರು ಹುತಾತ್ಮರಾದಾಗ ಹಝ್ರತ್ ಅಬೂಬಕರ್(ರ) ಅವರ ಕಾಲದಲ್ಲಿ ಕುರ್‌ಆನನ್ನು ಒಂದು ಸಂಪುಟವಾಗಿ ಸಂಗ್ರಹಿಸಲಾಯಿತು. ಹಝ್ರತ್ ಉಸ್ಮಾನ್(ರ) ಅವರು ಅದರ ಪ್ರತಿಗಳನ್ನು ಮಾಡಿಸಿ ಕೂಫಾ, ಬಸ್ರಾ, ದಮಾಸ್ಕಸ್ ಮೊದಲಾದ ನಗರಗಳಿಗೆ ಕಳುಹಿಸಿದರು. ಅಮೂಲ್ಯವಾದುದು ಒಂದೇ ಕಡೆ ಇರಬಾರದೆಂಬ ಪಾಠ ಅದರಲ್ಲಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒವಿಎಚ್ ಎಂಬ ಬೃಹತ್ ಹೋಸ್ಟಿಂಗ್ ಕಂಪೆನಿಯ ಕಟ್ಟಡ ಸುಟ್ಟುಹೋದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರ ತಾಣಗಳು ಮರಳಿ ಬಾರದಂತೆ ಅಳಿದವು. ಕಂಪೆನಿ ದೊಡ್ಡದೆಂಬ ಭರವಸೆ ಬೆಂಕಿಯ ಮುಂದೆ ನಿಲ್ಲಲಿಲ್ಲ. ಒಂದು ಪ್ರತಿ ಸರ್ವರಿನಲ್ಲಿ, ಒಂದು ಬೇರೆ ಕಂಪೆನಿಯಲ್ಲಿ, ಒಂದು ಕಚೇರಿಯ ಕಪಾಟಿನ ಹಾರ್ಡ್‌ಡಿಸ್ಕಿನಲ್ಲಿ ಇರಲಿ. ವರ್ಷಕ್ಕೆರಡು ಬಾರಿಯಾದರೂ ಆ ಪ್ರತಿಯಿಂದ ತಾಣವನ್ನು ಮತ್ತೆ ಎಬ್ಬಿಸಿ ನೋಡಬೇಕು. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ.

ಇಷ್ಟೆಲ್ಲದರ ಸಾರವಾಗಿ ಗಬ್ಬೂರದಂತಹ ಬಡಾವಣೆಗಳ ಜಮಾಅತ್‌ಗಳ ಮುಂದೆ ನಾವೊಂದು ಸಲಹೆಯನ್ನು ಇಡುತ್ತೇವೆ. ನಾಲ್ಕಾರು ಜಮಾಅತ್‌ಗಳು ಸೇರಿ ಯುವಕ-ಯುವತಿಯರಿಗಾಗಿ ಒಂದು ಚಿಕ್ಕ ವಿಪಿಎಸ್ ಬಾಡಿಗೆಗೆ ಹಿಡಿಯಲಿ. ತೆರಿಗೆ ಸೇರಿ ತಿಂಗಳಿಗೆ ಐದಾರುನೂರು ರೂಪಾಯಿಗಳ ಆಸುಪಾಸು. ವರ್ಷಕ್ಕೆ ಆರೇಳು ಸಾವಿರ. ಜಲ್ಸಾದ ಒಂದು ರಾತ್ರಿಯ ಧ್ವನಿವರ್ಧಕ ಮತ್ತು ಫ್ಲೆಕ್ಸುಗಳಿಗೆ ಖರ್ಚಾಗುವ ಹಣವನ್ನು ನೆನೆದರೆ ಇದು ಹೊರೆಯೇ ಅಲ್ಲ. ಅದರಲ್ಲಿ ಪ್ರತಿಯೊಬ್ಬ ಕಲಿಕಾರ್ಥಿಗೂ ಒಂದು ಖಾತೆ ಇರಲಿ. ಒಬ್ಬಳು ಕನ್ನಡ-ಉರ್ದು ಪದಕೋಶ ಕಟ್ಟಲಿ, ಒಬ್ಬನು ಹೆದ್ದಾರಿ ಬದಿಯ ಗ್ಯಾರೇಜಿಗೆ ಬಿಡಿಭಾಗಗಳ ಪಟ್ಟಿ ಕಟ್ಟಲಿ, ಇನ್ನೊಬ್ಬನು ಮೊಹಲ್ಲಾದ ಗ್ರಂಥಾಲಯಕ್ಕೆ ಸೂಚಿ ಮಾಡಲಿ. ಕೆಡಿಸಿದರೆ ಗದರಬೇಡಿ, ಕೆಡಿಸಲೆಂದೇ ಆ ನೆಲ. ಅನುಭವವುಳ್ಳ ಒಬ್ಬ ಇಂಜಿನಿಯರ್ ವಾರಕ್ಕೊಂದು ತಾಸು ಕೊಟ್ಟರೆ ಸಾಕು. ನಮ್ಮ ಸಮುದಾಯದವರೇ ಆಗಿರಬೇಕೆಂದಿಲ್ಲ, ನೆರೆಯ ಲಿಂಗಾಯತ ಮಾಸ್ತರರಾದರೂ ಆದೀತು. ಹಾಗೆಯೇ ನೆರೆಯವರ ಮಕ್ಕಳಿಗೂ ಅಲ್ಲಿ ಖಾತೆ ಇರಲಿ. ಒಂದೇ ಸರ್ವರಿನಲ್ಲಿ ಕೂಡಿ ಕಲಿತವರು ಸ್ಟೇಟಸ್ ಚಿತ್ರವೊಂದಕ್ಕೆ ಬೀದಿಯಲ್ಲಿ ಎದುರಾಬದುರಾಗಿ ನಿಲ್ಲುವ ಮುನ್ನ ಒಂದು ಕ್ಷಣ ಯೋಚಿಸಿಯಾರು.

ಹೆಣ್ಣುಮಕ್ಕಳ ವಿಷಯದಲ್ಲಿ ಪಾಲಕರಿಗೆ ವಿಶೇಷ ವಿನಂತಿ. ದೂರದ ತರಬೇತಿ ಕೇಂದ್ರಕ್ಕೆ ಕಳುಹಿಸಲು ಹಿಂಜರಿಯುವವರಿಗೆ ಈಗ ಆ ನೆಪವೂ ಉಳಿದಿಲ್ಲ. ಬೆಂಗಳೂರಿನಲ್ಲಿರುವ ಸರ್ವರನ್ನು ಗಬ್ಬೂರದ ಅಡುಗೆಮನೆಯ ಪಕ್ಕದ ಕೋಣೆಯಿಂದ ನಡೆಸಬಹುದು. ಕೀಲಿಯನ್ನು ಅವಳ ಕೈಗೆ ಕೊಡಿ. ಅವಳ ಭಾವಚಿತ್ರವನ್ನು ಪರರು ಹರಾಜಿಗಿಡುವ ಕಾಲದಲ್ಲಿ, ಸರ್ವರಿನ ಬೀಗ ಹಾಕುವುದನ್ನೂ ತೆಗೆಯುವುದನ್ನೂ ಬಲ್ಲ ಮಗಳೇ ಕುಟುಂಬದ ನಿಜವಾದ ರಕ್ಷೆ.

ಯಾವ ಕಂಪೆನಿ ಉತ್ತಮವೆಂಬ ಪ್ರಶ್ನೆಗೆ ವರ್ಷ ವರ್ಷವೂ ಉತ್ತರ ಬದಲಾಗುತ್ತದೆ. ಹೆಸರು ನಮ್ಮದೇ, ಪ್ರತಿ ನಮ್ಮಲ್ಲಿದೆಯೇ, ಬಿಟ್ಟು ಹೊರಡಬಲ್ಲೆವೇ, ಇನ್ನೊಬ್ಬರ ಮಾನಕ್ಕೆ ಕುಂದಿಲ್ಲವೇ ಎಂಬ ನಾಲ್ಕು ಪ್ರಶ್ನೆಗಳು ಮಾತ್ರ ಬದಲಾಗುವುದಿಲ್ಲ. ಮುಂದಿನ ಜಮಾಅತ್ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೊಂದು ಸಾಲು ಸೇರಲಿ. ಮುಂದೆ ಮತ್ತೊಂದು ಪೋರ್ಟಲು, ಮತ್ತೊಂದು ಗಡುವು ಬರದೆ ಇರದು. ಆಗ ಹುಡುಕಾಡುವ ಬದಲು ಅಣಿಯಾಗಿ ನಿಂತ ಕೈಗಳಿರಬೇಕಾದರೆ ಅವಕ್ಕೆ ಇಂದೇ ನೆಲ ಕೊಡಬೇಕು.